ಬಾಯಿ ತೆಗಿ ಅಜ್ಜಿ

ಹೋದ ತಿಂಗಳು ಊರಿಂದ ಒಂದು ವಾಟ್ಸಾಪ್ ಮೆಸೇಜು ಬಂತು. "ಅಕ್ಕ, ಡೆಂಟಲ್‌ಗೆ ಹೆಂಗೆ ಪ್ರಿಪೇರ್ ಆಗೋದು? ಸ್ವಲ್ಪ ಹೇಳಿ." ಕಳಿಸಿದವಳು ಗೆಂಡೆಹಳ್ಳಿಯಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆಯ ಹುಡುಗಿ, ಈಗ ಸೆಕೆಂಡ್ ಪಿಯು. ನಾನು ಕ್ಲಿನಿಕ್ಕಿನಲ್ಲಿ ಒಂದು ಜೊತೆ ಗ್ಲೌಸು ಬಿಚ್ಚಿ ಇನ್ನೊಂದು ಜೊತೆ ಹಾಕಿಕೊಳ್ಳುವ ಸಂದಿನಲ್ಲಿ ಅದನ್ನ ಓದಿದೆ. ಮತ್ತೊಂದು ಸಲ ಓದಿದೆ. ಮೆಡಿಕಲ್ ಅಂತ ಬರೆಯೋಕೆ ಹೋಗಿ ಡೆಂಟಲ್ ಅಂತ ಬರೆದುಬಿಟ್ಟಿದ್ದಾಳೇನೋ ಅಂತ ಅನುಮಾನ ಬಂದು, "ಮೆಡಿಕಲ್ಲಾ?" ಅಂತ ಕೇಳಿದೆ. "ಅಲ್ಲ ಅಕ್ಕ, ಡೆಂಟಲ್ಲೇ" ಅಂತ ಉತ್ತರ ಬಂತು. ಜೊತೆಗೊಂದು ಹಲ್ಲಿನ ಇಮೋಜಿ.

ಮೊದಲು ನಗು ಬಂತು. ಆಮೇಲೆ, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಹೊಟ್ಟೆ ಉರಿಯಿತು. ನಾನು ಬಿಡಿಎಸ್ ಮುಗಿಸಿ 13 ವರ್ಷ ಆಯ್ತು. ನನ್ನ ಬ್ಯಾಚಿನಲ್ಲಿ "ಡೆಂಟಲ್ಲೇ ಬೇಕು" ಅಂತ ಆಸೆಪಟ್ಟು ಬಂದವರು ಅಂದರೆ ಅಪ್ಪನದೋ ಮಾವನದೋ ಕ್ಲಿನಿಕ್ ಇದ್ದ ಮೂರು ನಾಲ್ಕು ಜನ. ಮಿಕ್ಕವರೆಲ್ಲ ಎಂಬಿಬಿಎಸ್ ಅನ್ನೋ ಬಸ್ಸಿಗೆ ಕಾದು, ಅದು ತುಂಬಿಕೊಂಡು ನಿಲ್ಲಿಸದೆ ಹೋಗಿ, ಹಿಂದೆ ಬಂದ ಬಸ್ಸು ಹತ್ತಿದವರು. ಹತ್ತಿದ ಮೇಲೂ ಒಂದು ವರ್ಷ ಕಿಟಕಿಯಿಂದ ಮುಂದಿನ ಬಸ್ಸನ್ನೇ ನೋಡುತ್ತಾ ಕೂತವರು.

ಅಮೆರಿಕದಲ್ಲಾದರೆ ಮೊದಲು ನಾಲ್ಕು ವರ್ಷ ಬೇರೆ ಡಿಗ್ರಿ ಓದಿ, ಆಮೇಲೆ ಡೆಂಟಲ್‌ಗೆ ಅಂತಲೇ ಇರುವ ಪರೀಕ್ಷೆ ಬರೆಯುತ್ತಾರೆ. ಅದರಲ್ಲಿ ಆಕಾರಗಳನ್ನ ಕಣ್ಣಲ್ಲೇ ಅಳೆಯುವ ಪ್ರಶ್ನೆಗಳಿರುತ್ತವೆ. ಹಿಂದೆ ಸೀಮೆಸುಣ್ಣದ ತುಂಡನ್ನ ಕೆತ್ತಿ ತೋರಿಸುವ ಪರೀಕ್ಷೆಯೂ ಇತ್ತು. ನಮ್ಮಲ್ಲಿ ಹಂಗೇನಿಲ್ಲ. 17ನೇ ವಯಸ್ಸಿಗೆ ಪಿಯುಸಿ ಮುಗಿಸಿ ನೇರ ಬಿಡಿಎಸ್. ಅದಕ್ಕೂ ಎಂಬಿಬಿಎಸ್‌ಗೂ ಒಂದೇ ಪರೀಕ್ಷೆ. ಕೈ ನಡುಗುತ್ತದಾ ಇಲ್ಲವಾ, ಇನ್ನೊಬ್ಬರ ಬಾಯೊಳಗೆ ಮುಖ ಹಾಕೋಕೆ ಮನಸ್ಸಿದೆಯಾ ಇಲ್ಲವಾ ಅಂತ ಯಾರೂ ಕೇಳಲ್ಲ.

ನನ್ನ ಕಾಲದಲ್ಲಿ ಅದು ಸಿಇಟಿ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ತಲಾ 60 ಅಂಕ. 2005ರಲ್ಲಿ ಒಂದು ಸಲ ಬರೆದೆ. ಹಾಸನದಲ್ಲಿ ಪಿಯುಸಿ, ಸಂಬಂಧಿಕರ ಮನೆಯಲ್ಲಿ ವಾಸ, ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಬಂದು ಒಂದೇ ಸಲ "ದ್ಯುತಿಸಂಶ್ಲೇಷಣೆ" ಹೋಗಿ "ಫೋಟೋಸಿಂಥೆಸಿಸ್" ಆಗಿದ್ದು. ಇವೆಲ್ಲ ಕಾರಣ ಹೇಳಬಹುದು. ನಿಜವಾದ ಕಾರಣ ಫಿಸಿಕ್ಸು. ರ‍್ಯಾಂಕು ಎಷ್ಟು ಹಿಂದೆ ಬಂತು ಅಂದರೆ ಪೇಪರಿನಲ್ಲಿ ಹುಡುಕೋಕೆ ಅಪ್ಪ ಕನ್ನಡಕ ಹಾಕಿಕೊಂಡೂ ಬೆರಳು ಜಾರಿಸುತ್ತಲೇ ಇದ್ದರು.

ಇನ್ನೊಂದು ವರ್ಷ ಓದ್ತೀನಿ ಅಂದೆ. ಮೈಸೂರಿನಲ್ಲಿ ಲಾಂಗ್ ಟರ್ಮ್ ಕೋಚಿಂಗು, ಹಾಸ್ಟೆಲ್ಲು. ನಮ್ಮದು ಎರಡೂವರೆ ಎಕರೆ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ನಡುವೆ ನೆರಳಿಗೆ ಸಿಲ್ವರ್ ಓಕು. ಅಪ್ಪ ಹದಿನಾಲ್ಕು ಸಿಲ್ವರ್ ಮರ ಕಡಿಸಿ ಮಾರಿದರು. ದಸರಾ ರಜೆಗೆ ಬಂದಾಗ ತೋಟದ ಆ ಮೂಲೆ ಬೋಳಾಗಿ, ಕಾಫಿ ಗಿಡಗಳ ಮೇಲೆ ನೇರ ಬಿಸಿಲು ಬೀಳುತ್ತಿತ್ತು. ನಾನು ಆ ಕಡೆ ಹೋಗಲಿಲ್ಲ.

2006ರಲ್ಲಿ ರ‍್ಯಾಂಕು ಸುಧಾರಿಸಿತು. ಆದರೆ ಸಾಕಾಗುವಷ್ಟಲ್ಲ. ಒಂದರಿಂದ ಹತ್ತನೇ ಕ್ಲಾಸಿನ ತನಕ ಹಳ್ಳಿಯಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲು ಇತ್ತು, ಈಗಲೂ ಇದೆ. ಹೆಡ್‌ಮಾಸ್ತರ ಸಹಿ, ಅದರ ಮೇಲೆ ಬಿಇಓ ಸಹಿ, ಎರಡೂ ಸರ್ಟಿಫಿಕೇಟು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ನಾನೂ ಅಪ್ಪನೂ ಬೆಂಗಳೂರಿಗೆ ಕೌನ್ಸೆಲಿಂಗಿಗೆ ಹೋದೆವು. ಆಗ ಇದೆಲ್ಲ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಆಗೋ ಕೆಲಸ ಅಲ್ಲ. ಮಲ್ಲೇಶ್ವರಂ 18ನೇ ಕ್ರಾಸಿನ ಸಿಇಟಿ ಸೆಲ್ಲಿಗೇ ಹೋಗಬೇಕು. ಹೊರಗಡೆ ಪರದೆ ಮೇಲೆ ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿದೆ ಅಂತ ಬರುತ್ತಾ ಇರುತ್ತೆ. ನೂರಾರು ಅಪ್ಪಂದಿರು ಕತ್ತೆತ್ತಿಕೊಂಡು ಕ್ರಿಕೆಟ್ ಸ್ಕೋರ್ ನೋಡುವಂತೆ ನೋಡುತ್ತಾ ನಿಂತಿರುತ್ತಾರೆ. ವ್ಯತ್ಯಾಸ ಅಂದರೆ ಇಲ್ಲಿ ನಂಬರು ಇಳಿಯುತ್ತಾ ಹೋಗುತ್ತೆ.

ನನ್ನ ಸರದಿ ಬರುವ ಹೊತ್ತಿಗೆ ನನಗೆ ಸಿಗಬಹುದಾಗಿದ್ದ ಎಂಬಿಬಿಎಸ್ ಸೀಟುಗಳೆಲ್ಲ ಸೊನ್ನೆಯಾಗಿದ್ದವು. ಬಿಡಿಎಸ್ ಇತ್ತು. ಬೆಂಗಳೂರಿನ ಒಂದು ಖಾಸಗಿ ಕಾಲೇಜು, ಸರ್ಕಾರಿ ಕೋಟಾದ ಸೀಟು. ಕಂಪ್ಯೂಟರ್ ಮುಂದೆ ಕೂತಿದ್ದವರು "ತಗೋತೀರಾ, ಬಿಡ್ತೀರಾ?" ಅಂದರು. ಸಿಡುಕೇನಿರಲಿಲ್ಲ, ಹಿಂದೆ ಸಾಲು ಇತ್ತು ಅಷ್ಟೆ. ನಾನು ಅಪ್ಪನ ಮುಖ ನೋಡಿದೆ. ಇನ್ನೊಂದು ವರ್ಷ ಅಂದರೆ ಇನ್ನೊಂದು ಹದಿನಾಲ್ಕು ಮರ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಲ್ಲಾದ್ರೂ ಮನುಷ್ಯಂದೇ ತಾನೆ ಮಗ?" ಅಂದರು. ತಗೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಹಾಸನದ ತನಕ ಅತ್ತೆ. ಹಾಸನದಲ್ಲಿ ಕಾಫಿ ಕುಡಿದು ಮುಖ ತೊಳೆದುಕೊಂಡೆ. ಬೇಲೂರಿಂದ ಮುಂದೆ ಮಳೆ.

ಕಾಲೇಜು ಶುರುವಾಗೋಕೆ ಎರಡು ತಿಂಗಳು ಇತ್ತು. ಅಷ್ಟರಲ್ಲಿ ಊರಿಗೆಲ್ಲ "ಡಾಕ್ಟ್ರು ಸೀಟು" ಸಿಕ್ಕಿದೆ ಅಂತ ಸುದ್ದಿ. ಅಪ್ಪ ಸುಳ್ಳು ಹೇಳಿರಲಿಲ್ಲ, ಯಾವ ಡಾಕ್ಟ್ರು ಅಂತ ಯಾರೂ ಕೇಳಿರಲಿಲ್ಲ. ನಾನೂ ತಿದ್ದಲಿಲ್ಲ. ಸುಮಾರು ಹತ್ತು ದಿನ ನಾನು ಊರಲ್ಲಿ ಎಂಬಿಬಿಎಸ್ ವಿದ್ಯಾರ್ಥಿನಿಯಾಗಿದ್ದೆ. ಆಮೇಲೆ ಒಂದು ಸಂಜೆ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬಳು ಜ್ವರ ಬಂದ ಮಗೂನ ಸೊಂಟಕ್ಕೆ ಹಾಕಿಕೊಂಡು ಅಂಗಳದಲ್ಲಿ ಬಂದು ನಿಂತಳು. "ಒಸಿ ನೋಡವ್ವ." ಮಗು ಮೈ ಕಾದ ಹೆಂಚಿನಂತಿತ್ತು. ನನಗೆ ಏನೂ ಗೊತ್ತಿಲ್ಲ, ಇನ್ನೂ ಕಾಲೇಜಿಗೇ ಹೋಗಿಲ್ಲ, ಹೋದರೂ ಅದು ಹಲ್ಲಿನದು ಅಂತ ಹೇಳಬೇಕಾಯ್ತು. ಅವಳಿಗೆ ಬೇಜಾರಾಗಲಿಲ್ಲ, ಬೇಲೂರು ಆಸ್ಪತ್ರೆಗೆ ಹೋಗೋಕೆ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದಳು. ಬೇಜಾರಾಗಿದ್ದು ನನಗೆ. ಮಾರನೆ ದಿನದಿಂದ ಅಂಗಡಿ ಕಟ್ಟೆಯಲ್ಲಿ ಹೊಸ ಸುದ್ದಿ. "ಹಲ್ಲಿಗೂ ಐದು ವರ್ಷ ಓದ್ಬೇಕಾ? ಸಂತೇಲಿ ಆ ಸಾಬಿ ಎರಡು ನಿಮಿಷಕ್ಕೆ ಕೀಳ್ತಾನಲ್ಲ!"

ಮನೆಯಿಂದ ಹೊರಗೆ ಬರೋದು ನಿಲ್ಲಿಸಿದೆ. ನನ್ನ ನಿಜವಾದ ಪ್ರಿಪರೇಷನ್ ಶುರುವಾಗಿದ್ದು ಆಗಲೇ, ಅದೂ ಹೊತ್ತು ಹೋಗದೆ.

ಹಾಸನದ ಸಂಬಂಧಿಕರ ಪೈಕಿ ಒಬ್ಬರು ಸೀನಿಯರ್ ಇದ್ದರು, ಆಗ ಬಿಡಿಎಸ್ ಮೂರನೇ ವರ್ಷ. ಅವರು ವೀಲರ್‌ನ ಡೆಂಟಲ್ ಅನಾಟಮಿ ಪುಸ್ತಕದ ಜೆರಾಕ್ಸ್ ಕಳಿಸಿ, ಜೊತೆಗೆ ಮೂರು ಮಾತು ಹೇಳಿದ್ದರು. ಮೊದಲ ವರ್ಷ ಮೇಣದ ತುಂಡಿನಲ್ಲಿ ಹಲ್ಲು ಕೆತ್ತಿಸ್ತಾರೆ, ಈಗಲೇ ಸೋಪಿನಲ್ಲಿ ಕೈ ಕೂರಿಸಿಕೋ. ಎರಡನೇ ವರ್ಷದ ಪ್ರಾಕ್ಟಿಕಲ್‌ಗೆ ಕಿತ್ತ ಹಲ್ಲು ಬೇಕಾಗ್ತವೆ, ಈಗಲೇ ಕೂಡಿಸಿಟ್ಟುಕೋ, ಆಮೇಲೆ ಕ್ಲಿನಿಕ್ ಕ್ಲಿನಿಕ್ ಅಲೆಯಬೇಕು. ಮೂರನೇದು, ಸಿಕ್ಕವರ ಬಾಯಿ ನೋಡು.

ಸೋಪಿನ ಕತೆ ಮೊದಲು. ಮೇಲಿನ ದವಡೆಯ ಮುಂದಿನ ಹಲ್ಲು, ಸೆಂಟ್ರಲ್ ಇನ್ಸೈಸರ್. ಪುಸ್ತಕದ ಪ್ರಕಾರ ಕಿರೀಟ ಹತ್ತೂವರೆ ಮಿಲಿಮೀಟರ್, ಬೇರು ಹದಿಮೂರು, ಅಗಲ ಎಂಟೂವರೆ. ಓದೋಕೆ ಸುಲಭ. ಲೈಫ್‌ಬಾಯ್ ಸೋಪು, ಅಪ್ಪನ ಹಳೆ ಪೆನ್ ಚಾಕು ಇಟ್ಟುಕೊಂಡು ಜಗಲಿ ಮೇಲೆ ಕೂತೆ. ಮೊದಲನೇದು ಸಲಿಕೆಯಂತೆ ಬಂತು. ಎರಡನೇದು ಕಿರೀಟದ ಹತ್ತಿರ ಚಂದ ಬಂದು, ಬೇರು ತೆಳ್ಳಗೆ ಮಾಡೋಕೆ ಹೋದಾಗ ಪಟ್ ಅಂತ ಮುರಿಯಿತು. ಒಂದು ಕಡೆಯಿಂದ ತೆಗೆದೆ ಅಂದರೆ ಇನ್ನೊಂದು ಕಡೆ ಸಮ ಮಾಡಬೇಕು, ಅದು ಹೆಚ್ಚಾಯ್ತು ಅಂದರೆ ಮತ್ತೆ ಈ ಕಡೆ. ಕೊನೆಗೆ ಹಲ್ಲು ಹೋಗಿ ಅಕ್ಕಿಕಾಳು ಉಳೀತಿತ್ತು. ಸೋಪು ಮುಗಿದ ಮೇಲೆ ತಮ್ಮನ ಬಳಪ ಕದ್ದೆ. ಬೇಲೂರು ಗುಡಿ ಕಟ್ಟಿರೋದೂ ಬಳಪದ ಕಲ್ಲಲ್ಲೇ ಅಂತ ಮೇಷ್ಟ್ರು ಹೇಳಿದ್ದು ನೆನಪಾಗಿ ಒಂದು ಧೈರ್ಯ. ಶಾಲೆಯಲ್ಲಿದ್ದಾಗ ಪ್ರತಿ ವರ್ಷ ಟೂರು ಅಂತ ಅಲ್ಲಿಗೇ ಕರಕೊಂಡು ಹೋಗುತ್ತಿದ್ದರು, ಪ್ರತಿ ವರ್ಷ ನಾವು ಹೊರಗಡೆ ಸೌತೆಕಾಯಿ ತಿಂದು ಬರುತ್ತಿದ್ದೆವು. ಮದನಿಕೆಯರ ಕೈಬೆರಳ ಉಗುರು ಹೆಂಗೆ ಬಿಡಿಸಿದಾರೆ ಅಂತ ನೋಡಬೇಕು ಅನ್ನಿಸಿದ್ದು ಆ ಮಳೆಗಾಲದಲ್ಲೇ. ತಮ್ಮನ ಬಳಪದ ವಿಷಯಕ್ಕೆ ಬಂದರೆ, ಅದು ಹಲ್ಲಾಗಲಿಲ್ಲ, ತಮ್ಮ ರಂಪ ಮಾಡಿದ.

ಕಿತ್ತ ಹಲ್ಲು ಕೂಡಿಸೋ ಕೆಲಸ ಇನ್ನೂ ಕಷ್ಟ. ನಮ್ಮ ಕಡೆ ಮಕ್ಕಳ ಹಾಲುಹಲ್ಲು ಬಿದ್ದರೆ ಸಗಣಿ ಉಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೀತಾರೆ, ಹೊಸದು ಚೆನ್ನಾಗಿ ಬರಲಿ ಅಂತ. ಅದನ್ನ ಕೊಡಿ ಅಂತ ಕೇಳಿದರೆ ಯಾರು ಕೊಡ್ತಾರೆ? ಬೇಲೂರಿನ ಒಬ್ಬರು ದಂತವೈದ್ಯರು ಮಾತ್ರ, ನಾನು ಯಾರು ಅಂತಲೂ ಗೊತ್ತಿಲ್ಲದೆ, ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಹದಿನೇಳು ಹಲ್ಲು ಹಾಕಿ ಕೊಟ್ಟರು. ಬಸ್ಸಿನಲ್ಲಿ ಅದನ್ನ ತೊಡೆ ಮೇಲೆ ಇಟ್ಟುಕೊಂಡು ಬಂದೆ. ಅಮ್ಮ ಬಾಟಲಿಯನ್ನ ದೇವರ ಮನೆ ಇರೋ ಕಡೆಯ ಗೋಡೆಗೂ ತಾಗಿಸಬೇಡ ಅಂದರು.

ಇನ್ನು ಬಾಯಿ ನೋಡೋದು. ಒಂದು ನೋಟ್‌ಬುಕ್ಕು, ಒಂದು ಟಾರ್ಚು, ಒಂದು ಚಮಚ. ಮೊದಲ ಹೆಸರು ಅಜ್ಜಿ.

ಅಜ್ಜಿಗೆ ಆಗ ಎಪ್ಪತ್ತೈದರ ಆಸುಪಾಸು. ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ, ಸುಣ್ಣ, ಚೂರು ಕಡ್ಡಿಪುಡಿ. ರಾತ್ರಿ ಎದ್ದು ನೀರು ಕುಡಿದರೂ ಒಂದು ಸಲ ಹಾಕಿಕೊಂಡೇ ಮಲಗೋದು. "ಬಾಯಿ ತೆಗಿ ಅಜ್ಜಿ" ಅಂದೆ. "ಸೀಟು ಸಿಕ್ಕಿದ್ದೇ ನನ್ನ ಬಾಯಿ ಮುಚ್ಸೋಕೆ ಅಂದ್ಕಂಡಿದ್ದೆ, ತೆಗಿ ಅಂತೀಯಲ್ಲೇ" ಅಂತ ನಕ್ಕು ತೆಗೆದಳು. ಹನ್ನೊಂದು ಹಲ್ಲು ಉಳಿದಿದ್ದವು, ಎಲ್ಲ ಕರಿ ಕೆಂಪು. ಎಡಗೆನ್ನೆ ಒಳಗೆ, ಎಲೆ ಉಂಡೆ ಇಟ್ಟುಕೊಳ್ಳೋ ಜಾಗದಲ್ಲಿ, ಎಂಟಾಣೆ ಅಗಲ ಬಿಳಿ. ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ. ನೋವಾ ಅಂದೆ, ಇಲ್ಲ ಅಂದಳು, ಖಾರ ಮಾತ್ರ ಸ್ವಲ್ಪ ತಡೆಯಲ್ಲ ಅಂದಳು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: "ಎಡಗೆನ್ನೆ ಒಳಗೆ ಬಿಳಿ. ಸುಣ್ಣ ಸುಟ್ಟಿದೆ. ಒರೆಸಿದರೆ ಹೋಗಲ್ಲ."

ಎರಡು ತಿಂಗಳಲ್ಲಿ 41 ಬಾಯಿ ನೋಡಿದೆ. ಮೊದಮೊದಲು ತಮಾಷೆಗೆ ಬಾಯಿ ತೆಗೆದವರು ಆಮೇಲೆ ಅವರೇ ಬಂದು ಕೂರುತ್ತಿದ್ದರು. ಜೆರಾಕ್ಸಿನ ಹಿಂದಿನ ಪುಟದಲ್ಲಿ ಯಾವ ಹಲ್ಲು ಯಾವ ವಯಸ್ಸಿಗೆ ಬರುತ್ತೆ ಅನ್ನೋ ಪಟ್ಟಿ ಇತ್ತು. ಅದನ್ನ ಇಟ್ಟುಕೊಂಡು ಮಕ್ಕಳ ಬಾಯಿ ನೋಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಆರನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಒಂದು ದವಡೆ ಹಲ್ಲು ಬರುತ್ತೆ. ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಬರೋದರಿಂದ ಅದೂ ಹಾಲುಹಲ್ಲೇ ಅಂದುಕೊಳ್ಳುತ್ತಾರೆ. ಅದು ಶಾಶ್ವತ ಹಲ್ಲು, ಹೋದರೆ ಹೋಯ್ತು. ನಾನು ನೋಡಿದ ಎಂಟು ಹತ್ತು ವರ್ಷದ ಮಕ್ಕಳಲ್ಲಿ ಅರ್ಧಕ್ಕರ್ಧ ಅದೇ ಹಲ್ಲು ಹುಳುಕಾಗಿತ್ತು. ಅಮ್ಮಂದಿರು "ಬಿಡವ್ವ, ಬಿದ್ದೋಗಿ ಬೇರೆ ಬತ್ತದೆ" ಅನ್ನೋರು. ಬರಲ್ಲ ಅಂತ ಹೇಳೋಕೆ ಶುರುಮಾಡಿದೆ. ಬೆಂಗಳೂರಿನಲ್ಲಿ ಈಗಲೂ ದಿನಾ ಹೇಳ್ತೀನಿ, ಐಟಿ ಕಂಪನಿಯ ಅಪ್ಪ ಅಮ್ಮಂದಿರಿಗೆ. ಅವರೂ ಇಂಗ್ಲಿಷಿನಲ್ಲಿ ಅದೇ ಮಾತು ಹೇಳ್ತಾರೆ.

ಕಾಲೇಜಿಗೆ ಹೋದೆ. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಇವುಗಳ ನಡುವೆ ಮೇಣದ ಹಲ್ಲು. ನನ್ನದು ಬ್ಯಾಚಿನಲ್ಲಿ ಚೆನ್ನಾಗಿ ಬರುತ್ತಿತ್ತು, ಸೋಪಿಗೆ ಹೋಲಿಸಿದರೆ ಮೇಣ ದೇವರಂಥದ್ದು. ಎಂಬಿಬಿಎಸ್ ಬಸ್ಸಿನ ಹಂಬಲ ಯಾವಾಗ ಹೋಯ್ತೋ ಗೊತ್ತಿಲ್ಲ. ಎರಡನೇ ವರ್ಷ ಪ್ಲಾಸ್ಟರಿನಲ್ಲಿ ಹಾರ್ಲಿಕ್ಸ್ ಬಾಟಲಿಯ ಹಲ್ಲು ಕೂರಿಸಿ ಕೊರೆಯುತ್ತಿರುವಾಗ ಒಂದು ದಿನ ಊಟಕ್ಕೆ ಹೋಗೋದೇ ಮರೆತಿದ್ದೆ. ಬಹುಶಃ ಆ ಹೊತ್ತಿಗೆ ಹೋಗಿತ್ತು.

ಮೂರನೇ ವರ್ಷ ಓರಲ್ ಪೆಥಾಲಜಿ. ಮಧ್ಯಾಹ್ನದ ಕ್ಲಾಸು, ಅರ್ಧ ಜನಕ್ಕೆ ನಿದ್ದೆ. ಮೇಡಂ ಒಂದು ಸ್ಲೈಡ್ ಹಾಕಿದರು. ಕೆನ್ನೆಯ ಒಳಗೋಡೆ, ಅದರ ಮೇಲೆ ಬಿಳಿ ಮಚ್ಚೆ. "ಒರೆಸಿದರೆ ಹೋಗದ ಬಿಳಿ ಮಚ್ಚೆ. ಬೇರೆ ಯಾವ ಕಾಯಿಲೆ ಅಂತಲೂ ಗುರುತಿಸೋಕಾಗದೆ ಇದ್ದರೆ ಇದನ್ನ ಲ್ಯೂಕೋಪ್ಲೇಕಿಯಾ ಅಂತೀವಿ. ಕೆಲವು ಕ್ಯಾನ್ಸರ್ ಆಗ್ತವೆ."

ಒರೆಸಿದರೆ ಹೋಗಲ್ಲ. ಅದು ನನ್ನದೇ ವಾಕ್ಯ. ರೂಲ್ಡ್ ನೋಟ್‌ಬುಕ್ಕಿನ ಮೊದಲ ಪುಟದ ನೀಲಿ ಇಂಕು ಕಣ್ಣ ಮುಂದೆ ಬಂತು. ನಾನು ಅದನ್ನ ನೋಡಿದ್ದೆ, ಅಳೆದಿದ್ದೆ, ಒರೆಸಿ ಪರೀಕ್ಷೆಯನ್ನೂ ಮಾಡಿದ್ದೆ, ಆಮೇಲೆ "ಸುಣ್ಣ ಸುಟ್ಟಿದೆ" ಅಂತ ನಾನೇ ಒಂದು ಕಾರಣ ಕೊಟ್ಟು ಮುಚ್ಚಿಟ್ಟಿದ್ದೆ. ಎರಡೂವರೆ ವರ್ಷ. ಅದರ ನಡುವೆ ಎಷ್ಟು ಸಲ ಊರಿಗೆ ಹೋಗಿದ್ದೆ! ಹೋದಾಗೆಲ್ಲ ಅಜ್ಜಿಗೆ ಬೆಂಗಳೂರಿಂದ ಒಳ್ಳೆ ಅಡಿಕೆ ತಗೊಂಡು ಹೋಗಿದ್ದೆ.

ಅವತ್ತು ರಾತ್ರಿ ಬಸ್ಸಿಗೇ ಹೊರಟೆ. ಬೆಳಗ್ಗೆ ಮನೆ ಮುಟ್ಟಿ ಬ್ಯಾಗು ಇಳಿಸದೆ "ಬಾಯಿ ತೆಗಿ ಅಜ್ಜಿ" ಅಂದೆ. ಈ ಸಲ ಅವಳು ತಮಾಷೆ ಮಾಡಲಿಲ್ಲ, ನನ್ನ ಮುಖ ಹಂಗಿತ್ತೋ ಏನೋ. ಬಿಳಿ ದೊಡ್ಡದಾಗಿತ್ತು, ನಡುನಡುವೆ ಕೆಂಪು. ಕೆಂಪು ಸೇರಿಕೊಂಡರೆ ಭಯ ಜಾಸ್ತಿ ಅನ್ನೋದು ಅಷ್ಟೊತ್ತಿಗೆ ಓದಿಕೊಂಡಿದ್ದೆ. ಮಾರನೆ ವಾರ ಬೆಂಗಳೂರಿಗೆ ಕರಕೊಂಡು ಬಂದು ಬಯಾಪ್ಸಿ ಮಾಡಿಸಿದೆವು. ರಿಪೋರ್ಟು ಬರೋ ತನಕದ ದಿನಗಳ ಬಗ್ಗೆ ಬರೆಯೋಕೆ ಇಷ್ಟ ಇಲ್ಲ. ಕ್ಯಾನ್ಸರ್ ಆಗಿರಲಿಲ್ಲ. ಡಿಸ್‌ಪ್ಲೇಸಿಯಾ, ಅಂದರೆ ಜೀವಕೋಶಗಳು ದಾರಿ ತಪ್ಪೋಕೆ ಶುರುಮಾಡಿದ್ದವು. ಆ ಭಾಗ ಕತ್ತರಿಸಿ ತೆಗೆದರು. ಅಜ್ಜಿ ಕಡ್ಡಿಪುಡಿ ಬಿಟ್ಟಳು. ಎಲೆ ಅಡಿಕೆ ಬಿಡಲಿಲ್ಲ, "ಅದನ್ನೂ ಬಿಟ್ರೆ ಬಾಯಿ ಯಾತಕ್ಕಿರೋದು" ಅಂದಳು. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿಯಾಗಿದೆ. ಅರಸೀಕೆರೆ, ಬೇಲೂರು ಕಡೆ ಇದನ್ನ ಜೋರಾಗಿ ಹೇಳಿ ನೋಡಿ, ಮದುವೆ ಮನೆಯಲ್ಲಿ ನಿಮಗೆ ಎಲೆ ಹಾಕಲ್ಲ. ಆರು ತಿಂಗಳಿಗೊಂದು ಸಲ ಅಜ್ಜಿಯ ಬಾಯಿ ನಾನೇ ನೋಡುತ್ತಿದ್ದೆ. 2015ರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟ ಮುರಿದು, ಮೂರು ತಿಂಗಳು ಮಲಗಿ ಹೋದಳು. ಬಾಯಿ ಕೊನೆ ತನಕ ಚೆನ್ನಾಗಿತ್ತು, ಮಾತೂ.

ನಮ್ಮ ಹುಡುಗಿಗೆ ಇದೆಲ್ಲ ಬರೆಯಲಿಲ್ಲ. ಅವಳು ಕೇಳಿದ್ದು ಪ್ರಿಪರೇಷನ್ನು. ಹಾಗಾಗಿ ರಾತ್ರಿ ಮನೆಗೆ ಬಂದು ಫೋನ್ ಮಾಡಿದೆ. ನೀಟ್ ಒಟ್ಟು 720 ಅಂಕ, ಅದರಲ್ಲಿ ಅರ್ಧ ಬಯಾಲಜಿ, ಎನ್‌ಸಿಇಆರ್‌ಟಿ ಪುಸ್ತಕದ ಚಿತ್ರದ ಕೆಳಗಿನ ಸಾಲುಗಳನ್ನೂ ಬಿಡದೆ ಓದು. ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತೆ, ನಮ್ಮ ಸಿಇಟಿಯಂತೆ ಕಣ್ಣು ಮುಚ್ಚಿ ಗುಂಡು ಹೊಡೆಯೋ ಹಾಗಿಲ್ಲ. ಫಿಸಿಕ್ಸ್ ಬಿಡಬೇಡ, ನಾನು ಬಿಟ್ಟು ಕೆಟ್ಟೆ. ಬೇಕಾದರೆ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತೆ, 2017ರಿಂದ ಕೊಡ್ತಿದ್ದಾರೆ, ಆದರೆ ಅಭ್ಯಾಸ ಯಾವ ಭಾಷೆಯಲ್ಲಿ ಮಾಡಿದೀಯೋ ಅದರಲ್ಲೇ ಬರಿ. ರೂರಲ್ ಮತ್ತು ಕನ್ನಡ ಮಾಧ್ಯಮ ಸರ್ಟಿಫಿಕೇಟು ಈಗಲೇ ಮಾಡಿಸಿಟ್ಟುಕೋ, ಕೊನೆ ವಾರ ಬಿಇಓ ಆಫೀಸಿನಲ್ಲಿ ಜಾತ್ರೆ ಇರುತ್ತೆ. ಆಪ್ಷನ್ ಎಂಟ್ರಿಯಲ್ಲಿ ಪಕ್ಕದ ಮನೆಯವರು ಹೇಳಿದರು ಅಂತ ಮೇಲೆ ಕೆಳಗೆ ಮಾಡಬೇಡ, ನಿನಗೆ ಯಾವುದು ಬೇಕೋ ಅದು ಮೇಲೆ.

ದುಡ್ಡಿನ ವಿಷಯವನ್ನೂ ಹೇಳಿದೆ. ಬೆಂಗಳೂರಿನಲ್ಲಿ ಒಂದು ರಸ್ತೆಗೆ ಮೂರು ಡೆಂಟಲ್ ಕ್ಲಿನಿಕ್ಕಿದೆ. 2011ರಲ್ಲಿ ನಾನು ಮೊದಲು ಕೆಲಸಕ್ಕೆ ಸೇರಿದಾಗ ಸಿಕ್ಕ ಸಂಬಳ ನನ್ನ ರೂಮ್‌ಮೇಟಿನ ಕಾಲ್ ಸೆಂಟರ್ ಸಂಬಳಕ್ಕಿಂತ ಕಡಿಮೆ, ರಾತ್ರಿ ಕ್ಯಾಬೂ ಇಲ್ಲ. ಸ್ವಂತದ್ದು ಮಾಡೋಕೆ ಎಂಟು ವರ್ಷ ಹಿಡೀತು, ಸಾಲ ಇನ್ನೂ ಇದೆ. "ಗೊತ್ತು ಅಕ್ಕ, ಗೂಗಲ್ ಮಾಡಿದೀನಿ" ಅಂದಳು. ಹಂಗಾದರೆ ಡೆಂಟಲ್ಲೇ ಯಾಕೆ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಾನು ಎರಡನೇ ಕ್ಲಾಸಲ್ಲಿದ್ದಾಗ ನೀವು ರಜಕ್ಕೆ ಬಂದಿದ್ರಿ. ನಮ್ಮ ಮನೆ ಜಗಲೀಲಿ ಟಾರ್ಚ್ ಬಿಟ್ಟು ಬಾಯಿ ನೋಡಿ, ಈ ಹಲ್ಲು ಹಾಲುಹಲ್ಲಲ್ಲ, ಉಳಿಸ್ಕೋ ಅಂದಿದ್ರಿ. ಅಮ್ಮ ಹಾಸನಕ್ಕೆ ಕರ್ಕೊಂಡೋಗಿ ತುಂಬಿಸಿದ್ಲು. ಅದು ಇನ್ನೂ ಐತೆ."

ನನಗೆ ನೆನಪಿಲ್ಲ. ಎಷ್ಟೋ ಮಕ್ಕಳ ಬಾಯಿ ನೋಡಿದ್ದೀನಿ. ಏನು ಹೇಳಬೇಕು ಅಂತ ತೋಚದೆ, ಅಂಗಡಿಗೆ ಹೋಗಿ ಒಂದು ಸೋಪು ತಗೊಂಡು ಸೆಂಟ್ರಲ್ ಇನ್ಸೈಸರ್ ಕೆತ್ತಿ ಫೋಟೋ ಕಳಿಸು, ಆದರೆ ನೀಟ್ ಮುಗಿದ ಮೇಲೆ ಅಂದೆ.

ಮುಗಿಯೋ ತನಕ ಕಾಯಲಿಲ್ಲ ಅವಳು. ಭಾನುವಾರ ಫೋಟೋ ಬಂತು. ಕಿರೀಟ ಪರವಾಗಿಲ್ಲ. ಬೇರು ಮುರಿದು ಪಕ್ಕದಲ್ಲಿ ಬಿದ್ದಿತ್ತು. "ಇನ್ನೊಂದು ಸೋಪು ತಗೋ" ಅಂತ ಕಳಿಸಿದೆ.